ಪಿಯಾನೊ ‘ಟಿಕ್’ ಅಂದರೆ ತಪ್ಪು ಯಾರದ್ದು?

ಅಮ್ಮ ನಿವೃತ್ತಿಯಾದ ಮೇಲೆ ಪಿಯಾನೊ ಕಲಿಯೋಕೆ ಶುರು ಮಾಡಿದರು. ಬೆಂಗಳೂರಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಅಪ್‌ರೈಟ್ ಪಿಯಾನೊ ಸಿಕ್ಕಿತ್ತು. ಫೆಬ್ರವರಿ ಕೊನೆಗೆ ನಡುವಿನ ಒಂದು ಕೀ ಒತ್ತಿದಾಗೆಲ್ಲ ಸ್ವರದ ಜೊತೆ ‘ಟಿಕ್’ ಅನ್ನೋ ಸದ್ದು. “ನನ್ನ ಬೆರಳೇ ಗಡುಸು ಕಣೋ, ಈ ವಯಸ್ಸಲ್ಲಿ ಇನ್ನೆಲ್ಲಿ ಬರತ್ತೆ” ಅಂತ ಮುಚ್ಚಳ ಮುಚ್ಚಿದವರು ಎರಡು ವಾರ ತೆಗೆಯಲೇ ಇಲ್ಲ.

ನನಗೆ ಪಿಯಾನೊ ನುಡಿಸೋಕೆ ಬರಲ್ಲ. ಆದರೆ ಬಗ್ ಹುಡುಕೋದೇ ನನ್ನ ಕೆಲಸ. ಒಂದೊಂದೇ ಅನುಮಾನ ಕಳೆಯುತ್ತಾ ಹೋದೆ.

ಮೊದಲ ಅನುಮಾನ ಪಿಯಾನೊ ಮೇಲಿಟ್ಟ ಫೋಟೊಗಳ ಮೇಲೆ. ಕೆಲವು ಸ್ವರಗಳಿಗೆ ಫ್ರೇಮಿನ ಗಾಜು, ಹೂದಾನಿ ಕೂಡ ಅದುರಿ ಸದ್ದು ಮಾಡುತ್ತವೆ. ಎಲ್ಲ ತೆಗೆದಿಟ್ಟೆ. ‘ಟಿಕ್’ ಹೋಗಲಿಲ್ಲ.

ಎರಡನೇ ಪ್ರಶ್ನೆ: ಸದ್ದು ಬರೋದು ಕೀ ಒತ್ತುವಾಗಲಾ, ಬಿಡುವಾಗಲಾ? ಬಿಡುವಾಗ ಬಂದರೆ ಭಾಗಗಳು ವಾಪಸ್ ಬಂದು ಕೂರುವ ಜಾಗದ ಫೆಲ್ಟ್ ಸವೆದಿರಬಹುದು. ನಮ್ಮದು ಒತ್ತುವಾಗ.

ಮೇಲಿನ ಮುಚ್ಚಳ ಎತ್ತಿ, ಮುಂದಿನ ಹಲಗೆ ಬಿಚ್ಚಿದೆ. ಒಳಗೆ ಪ್ರತಿ ಕೀಗೂ ಮರದ ಪುಟ್ಟ ಯಂತ್ರ. ಕೀ ಒತ್ತಿದರೆ ಅದರ ಹಿಂತುದಿ ಮೇಲೆದ್ದು ಸನ್ನೆಯೊಂದನ್ನು ತಳ್ಳುತ್ತೆ, ಅದು ಸುತ್ತಿಗೆಯನ್ನು ತಂತಿಯತ್ತ ಚಿಮ್ಮಿಸುತ್ತೆ. ಈ ಜೋಡಣೆಗೇ ‘ಆ್ಯಕ್ಷನ್’ ಅನ್ನೋದು. ಆ ಕೀಯ ಸುತ್ತಿಗೆಯನ್ನು ಮೆಲ್ಲಗೆ ಅಕ್ಕಪಕ್ಕ ಅಲುಗಿಸಿದೆ. ನೆರೆಯವು ಗಟ್ಟಿ, ಇದೊಂದೇ ಲೊಡಲೊಡ! ಬುಡದ ಸ್ಕ್ರೂ ಸಡಿಲವಾಗಿತ್ತು. ಒಣಹವೆಗೆ ಮರ ಕುಗ್ಗುತ್ತೆ, ಸ್ಕ್ರೂ ಹಿಡಿತ ಬಿಡುತ್ತೆ. ಉದ್ದನೆಯ, ತೆಳ್ಳಗಿನ ಸ್ಕ್ರೂಡ್ರೈವರ್‌ನಲ್ಲಿ ಹದವಾಗಿ ಬಿಗಿದೆ. ಜಾಸ್ತಿ ತಿರುಗಿಸಿದರೆ ಮರದೊಳಗಿನ ಮರೆ ಹಾಳಾಗುತ್ತೆ, ಜೋಪಾನ.

ಎರಡು ಎಚ್ಚರಿಕೆ. ಕಿರ್ ಅಂತು ಅಂತ ಆ್ಯಕ್ಷನ್‌ಗೆ ಎಣ್ಣೆ ಬಿಡಬೇಡಿ. ಫೆಲ್ಟ್ ಹೀರಿಕೊಳ್ಳುತ್ತೆ, ಕೀಲು ಅಂಟಿಕೊಳ್ಳುತ್ತೆ. ತಂತಿ ಸುತ್ತಿರುವ ಪಿನ್ನುಗಳನ್ನಂತೂ ಮುಟ್ಟಲೇಬೇಡಿ. ಎಲ್ಲ ತಂತಿಗಳ ಎಳೆತ ಸೇರಿದರೆ 15 ಟನ್ ಮೀರುತ್ತೆ. ಸ್ಕ್ರೂ ಗಟ್ಟಿಯಿದ್ದೂ ಸದ್ದು ನಿಲ್ಲದಿದ್ದರೆ ಸುತ್ತಿಗೆ ತಲೆಯ ಅಂಟು ಬಿಟ್ಟಿರಬಹುದು. ಅದು ಟೆಕ್ನಿಷಿಯನ್ ಕೆಲಸ.

ಅಮ್ಮನನ್ನು ಕರೆದೆ. ಅದೇ ಕೀ ಒಮ್ಮೆ ಒತ್ತಿದರು. ಮತ್ತೊಮ್ಮೆ, ಇನ್ನೊಮ್ಮೆ.

“ಹಂಗಾದ್ರೆ ನನ್ನ ಬೆರಳಲ್ವಾ?”

“ಅಲ್ಲಮ್ಮ, ಸ್ಕ್ರೂ.”

ಅವತ್ತು ರಾತ್ರಿ ಊಟಕ್ಕೆ ಮೂರು ಸಲ ಕರೆಯಬೇಕಾಯಿತು.