ಗಣಕದೊಳಗೊಂದು ಗಣಕ

ಅಡಕೆಯ ಸಸಿಯನ್ನು ಸಸಿಮಡಿಯಿಂದ ತೋಟಕ್ಕೆ ಒಯ್ಯುವ ಬಗೆಯನ್ನು ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರುಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ಬರಿಯ ಬೇರಿನೊಡನೆ ಕೀಳುವುದಿಲ್ಲ. ಬುಡದ ಮಣ್ಣಿನ ಹೆಂಟೆಯ ಸಮೇತ ಎಬ್ಬಿಸುತ್ತಾರೆ. ತಾನು ಬೆಳೆದ ಮಣ್ಣೇ ಬೇರಿನ ಸುತ್ತ ಇರುವುದರಿಂದ ಸಸಿಯು ಹೊಸ ನೆಲದಲ್ಲಿ ಬಾಡದೆ ನೆಲೆಯೂರುತ್ತದೆ. ಗಣಕಯಂತ್ರದ ಪ್ರಪಂಚದಲ್ಲಿಯೂ ಇಂಥದೇ ಉಪಾಯವೊಂದುಂಟು.

ತಂತ್ರಾಂಶವೂ ಒಂದು ಸಸಿಯೇ. ಅದಕ್ಕೆ ತಕ್ಕ ಕಾರ್ಯಾಚರಣ ವ್ಯವಸ್ಥೆ ಬೇಕು. ಹತ್ತಾರು ಸಹಾಯಕ ಕಡತಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ಕಾಲೇಜಿನಲ್ಲಿ ಲಿನಕ್ಸ್ ವ್ಯವಸ್ಥೆಯ ಮೇಲೆ ಕಲಿತ ಪಾಠವನ್ನು ಮನೆಯ ವಿಂಡೋಸ್ ಯಂತ್ರದಲ್ಲಿ ಮುಂದುವರಿಸಬೇಕೆಂಬ ವಿದ್ಯಾರ್ಥಿಯ ಕಷ್ಟ ಇಲ್ಲಿಯೇ ಇದೆ. ಮನೆಯಲ್ಲಿರುವುದು ಒಂದೇ ಗಣಕ. ತಂದೆಯ ತೋಟದ ಲೆಕ್ಕವೂ ತಂಗಿಯ ಪಾಠವೂ ಅದರಲ್ಲಿಯೇ. ಹೊಸ ವ್ಯವಸ್ಥೆಗಾಗಿ ಅದರ ಡಿಸ್ಕನ್ನು ವಿಭಾಗಿಸಹೊರಟು ಕೈತಪ್ಪಿದರೆ ಎಲ್ಲವೂ ಅಳಿಸಿಹೋದೀತು!

ಈ ಭಯವನ್ನು ನೀಗುವುದೇ ವರ್ಚುಯಲ್ ಮೆಷೀನ್, ಎಂದರೆ ಕಲ್ಪಿತ ಯಂತ್ರ. ಈ ಕಲ್ಪನೆ ಹೊಸದಲ್ಲ. 1967ರಲ್ಲಿಯೇ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಐಬಿಎಂ ಸಂಸ್ಥೆಯ ತಜ್ಞರು ಸಿಪಿ-40 ಎಂಬ ವ್ಯವಸ್ಥೆಯಿಂದ ಒಂದೇ ಯಂತ್ರವನ್ನು 14 ಯಂತ್ರಗಳೆಂಬಂತೆ ನಡೆಸಿದರು. 1999ರಲ್ಲಿ ವಿಎಂವೇರ್ ಸಂಸ್ಥೆಯು ಈ ವಿದ್ಯೆಯನ್ನು ಮೇಜಿನ ಮೇಲಿನ ಗಣಕಕ್ಕೆ ತಂದಿತು. 2007ರಲ್ಲಿ ಹೊರಬಂದ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ವಿದ್ಯಾರ್ಥಿಗಳು ಹಣ ತೆರದೆ ಬಳಸಬಹುದು.

ಕಲ್ಪಿತ ಯಂತ್ರವನ್ನು ತಾವೇ ಮೊದಲಿನಿಂದ ಕಟ್ಟಬೇಕೆಂದಿಲ್ಲ; ಬೇರೊಬ್ಬರು ಕಟ್ಟಿ ಸಿದ್ಧಗೊಳಿಸಿದ್ದನ್ನು ಗಂಟಾಗಿಯೇ ತರಿಸಿಕೊಳ್ಳಬಹುದು. ಈ ಗಂಟಿನ ರೂಪಕ್ಕೆ ಓವಿಎಫ್ ಎಂಬ ಮಾನಕವು 2009ರಲ್ಲಿ ಪ್ರಕಟವಾಯಿತು. ಗಂಟನ್ನು ಬಿಚ್ಚಿದರೆ ಸಾಮಾನ್ಯವಾಗಿ ಮೂರು ವಸ್ತುಗಳು ಕಾಣುತ್ತವೆ: ಯಂತ್ರಕ್ಕೆ ಎಷ್ಟು ಸ್ಮೃತಿ, ಎಷ್ಟು ಸಂಸ್ಕಾರಕ ಬೇಕೆಂಬ ವಿವರಣೆ; ಕಾರ್ಯಾಚರಣ ವ್ಯವಸ್ಥೆಯನ್ನೂ ತಂತ್ರಾಂಶವನ್ನೂ ಒಳಗೊಂಡ ಡಿಸ್ಕಿನ ಪ್ರತಿರೂಪ; ಕಡತಗಳು ಕೆಟ್ಟಿಲ್ಲವೆಂದು ಪರೀಕ್ಷಿಸಲು ಒಂದು ತಾಳೆಪಟ್ಟಿ. ಇವೆಲ್ಲವನ್ನೂ ಒಂದೇ ಕಡತವಾಗಿ ಕಟ್ಟಿದರೆ ಅದು ಓವಿಎ.

ಅದನ್ನು ನೆಡುವ ಕೆಲಸ ಸುಲಭ. ವರ್ಚುಯಲ್‌ಬಾಕ್ಸಿನ ಫೈಲ್ ಪಟ್ಟಿಯಲ್ಲಿ ‘ಇಂಪೋರ್ಟ್ ಅಪ್ಲಯನ್ಸ್’ ಎಂಬುದನ್ನು ಆರಿಸಿ ಓವಿಎ ಕಡತವನ್ನು ತೋರಿಸಬೇಕು. ಆಗ ಕಾಣುವ ಕೋಷ್ಟಕವನ್ನು ಓದದೆ ಮುಂದುವರಿಯಬಾರದು. ಅತಿಥಿಯಂತ್ರದ ಸ್ಮೃತಿಯು ಎಲ್ಲಿಂದಲೋ ಹುಟ್ಟುವುದಿಲ್ಲ. ಮನೆಯ ಯಂತ್ರವೇ ಅದನ್ನು ಕಡ ಕೊಡಬೇಕು. 8 ಗಿಗಾಬೈಟ್ ಉಳ್ಳ ಯಂತ್ರವು 3 ಅಥವಾ 4 ಕೊಟ್ಟರೆ ಸಾಕು; 7 ಕೊಟ್ಟರೆ ಅತಿಥಿ, ಅತಿಥೇಯ ಇಬ್ಬರೂ ಬಳಲುತ್ತಾರೆ. ತರಗತಿಯ ಹಲವು ಯಂತ್ರಗಳಿಗೆ ಒಂದೇ ಗಂಟನ್ನು ಇಳಿಸುವಾಗ ಪ್ರತಿಯೊಂದಕ್ಕೂ ಹೊಸ ಜಾಲವಿಳಾಸ ದೊರೆಯುವಂತೆ ಆರಿಸಬೇಕು. ಇಲ್ಲವಾದರೆ ಒಂದೇ ಜಾಲದಲ್ಲಿ ಒಂದೇ ವಿಳಾಸದ ಎರಡು ಯಂತ್ರಗಳು ಸೇರಿ ಗೊಂದಲವಾದೀತು.

ಅಂತರಜಾಲ ದುರ್ಬಲವಾದ ಊರಿಗೆ ಗಂಟನ್ನು ಪೆನ್ ಡ್ರೈವಿನಲ್ಲಿ ಹೊತ್ತು ತರಬಹುದು. ಆದರೆ ಫ್ಯಾಟ್32 ರೀತಿಯಲ್ಲಿ ಸಿದ್ಧಪಡಿಸಿದ ಡ್ರೈವು 4 ಗಿಗಾಬೈಟಿಗೆ ಮೀರಿದ ಒಂದು ಕಡತವನ್ನು ಹಿಡಿಯಲಾರದು; ಎಕ್ಸ್‌ಫ್ಯಾಟ್ ರೀತಿಯದು ಹಿಡಿಯುತ್ತದೆ. ಗಂಟಿನೊಳಗೆ ಒತ್ತಿ ತುಂಬಿರುವ ಡಿಸ್ಕು ಇಳಿದಮೇಲೆ ಹಿಗ್ಗುವುದರಿಂದ ಮನೆಯ ಡಿಸ್ಕಿನಲ್ಲಿ ಧಾರಾಳವಾಗಿ ತೆರವಿರಬೇಕು.

ಮಣ್ಣನ್ನು ಹೊತ್ತು ತರಬಹುದು, ಹವೆಯನ್ನು ತರಲಾಗದು. ಅತಿಥಿಯ ಆದೇಶಗಳಲ್ಲಿ ಬಹುಪಾಲು ಮನೆಯ ಸಂಸ್ಕಾರಕದ ಮೇಲೆಯೇ ನೇರವಾಗಿ ನಡೆಯುವುದರಿಂದ, ಇಂಟೆಲ್ ಬಗೆಯ ಸಂಸ್ಕಾರಕಕ್ಕೆ ಕಟ್ಟಿದ ಗಂಟು ಆರ್ಮ್ ಬಗೆಯ ಯಂತ್ರದಲ್ಲಿ ಹಾಗೆಯೇ ಓಡದು.

ಇನ್ನೊಂದು ಎಚ್ಚರ ಎಲ್ಲಕ್ಕಿಂತ ಮುಖ್ಯ. ಮಣ್ಣಿನೊಡನೆ ಬೇರುಹುಳುವೂ ಬರಬಹುದಲ್ಲವೆ? ಗಂಟಿನೊಳಗಿನ ತಾಳೆಪಟ್ಟಿಯು ದಾರಿಯಲ್ಲಿ ಆದ ಹಾನಿಯನ್ನು ತೋರಿಸುತ್ತದೆಯೇ ಹೊರತು ಕಪಟವನ್ನಲ್ಲ. ಗಂಟನ್ನು ತಿದ್ದಿದವನು ತಾಳೆಪಟ್ಟಿಯನ್ನೂ ತಿದ್ದಬಲ್ಲನು. ಆದುದರಿಂದ ಕಟ್ಟಿದವರು ಬೇರೆಯಾಗಿ ಪ್ರಕಟಿಸಿರುವ 64 ಅಂಕಾಕ್ಷರಗಳ ಶಾ-256 ಸಂಖ್ಯೆಯೊಡನೆ ಹೋಲಿಸಿ, ತಾಳೆಯಾದರೆ ಮಾತ್ರ ಬಳಸುವುದು ವಿವೇಕ.

ಈ ವಿದ್ಯೆ ನಾಡಿನ ಬರಹಗಳಿಗೂ ಆಸರೆಯಾದೀತು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು, ಆ ಶೈಲಿಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪರವಾನಗಿಯ ನಿಯಮಕ್ಕೆ ಒಳಪಟ್ಟು, ಹಳೆಯ ವ್ಯವಸ್ಥೆಯನ್ನೂ ಅಕ್ಷರಶೈಲಿಯನ್ನೂ ಒಂದು ಗಂಟಾಗಿ ಕಟ್ಟಿಟ್ಟರೆ ಅಂಥ ಕಡತಗಳನ್ನು ಮುಂದೆಯೂ ಓದಬಹುದು.

ವಿದ್ಯಾರ್ಥಿಗೆ ದೊರೆಯುವ ದೊಡ್ಡ ಲಾಭವೆಂದರೆ ನಿರ್ಭಯ. ಪ್ರಯೋಗಕ್ಕೆ ಮೊದಲು ‘ಸ್ನ್ಯಾಪ್‌ಶಾಟ್’ ತೆಗೆದಿಟ್ಟುಕೊಂಡರೆ, ಅತಿಥಿಯಂತ್ರವು ಎಷ್ಟು ಕೆಟ್ಟರೂ ಕ್ಷಣಮಾತ್ರದಲ್ಲಿ ಹಿಂದಿನ ಸ್ಥಿತಿಗೆ ಮರಳುತ್ತದೆ. ತಂದೆಯ ಲೆಕ್ಕಕ್ಕೆ ಕುಂದಿಲ್ಲ. ತಪ್ಪು ಮಾಡಿ ಕಲಿಯಲು ಅವಕಾಶವಿಲ್ಲದೆಡೆ ವಿಜ್ಞಾನ ಬೆಳೆಯಲಾರದಷ್ಟೆ.