ಪಣವಿಲ್ಲದ ಪಂದ್ಯ: ಕಂಬಳದ ಕೋಣಗಳ ಆಯವ್ಯಯ

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಪಂಚನಾರೀತುರಗವೆಂಬ ಪ್ರಸಿದ್ಧವಾದ ಕೆತ್ತನೆಯೊಂದಿದೆ. ಐವರು ಸ್ತ್ರೀಯರ ದೇಹಗಳು ಒಂದರೊಡನೊಂದು ಹೆಣೆದುಕೊಂಡು ಕುದುರೆಯ ಆಕಾರವನ್ನು ತಾಳಿರುವ ಆ ಶಿಲ್ಪವನ್ನು ನೋಡಿದವರಿಗೆ, ಅಶ್ವವು ಈ ನಾಡಿನ ಕಲ್ಪನೆಗೆ ಅಪರಿಚಿತವಾಗಿರಲಿಲ್ಲವೆಂಬುದು ಮನದಟ್ಟಾಗುತ್ತದೆ. ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದುದೂ ಪಶ್ಚಿಮ ಕರಾವಳಿಯ ರೇವುಗಳಲ್ಲಿಯೇ; ಆದರೆ ಅವು ಇಲ್ಲಿ ನಿಲ್ಲದೆ ಘಟ್ಟವನ್ನೇರಿ ವಿಜಯನಗರದ ಲಾಯಗಳನ್ನು ಸೇರಿದುವು. ವರ್ಷದ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ, ಮೊಣಕಾಲುದ್ದದ ಕೆಸರಿನಲ್ಲಿ ಬೇಸಾಯ ನಡೆಯಬೇಕಾಗಿದ್ದ ತುಳುನಾಡಿಗೆ ಒಗ್ಗಿದ ಪ್ರಾಣಿ ಕೋಣ. ಗದ್ದೆಯನ್ನು ಉತ್ತದ್ದು ಅದು. ಉತ್ತ ಗದ್ದೆಯಲ್ಲಿಯೇ ಕಂಬಳದ ಓಟವನ್ನು ಓಡಿ ಒಡೆಯನಿಗೆ ಕೀರ್ತಿಯನ್ನು ತಂದದ್ದೂ ಅದೇ.

ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ, ವಾರಾಂತ್ಯಗಳಲ್ಲಿ, ಕರಾವಳಿಯಲ್ಲಿ ಎಲ್ಲಿಯಾದರೊಂದು ಕಂಬಳ ನಡೆಯುತ್ತಲೇ ಇರುತ್ತದೆ. ಮೂಡುಬಿದಿರೆಯಲ್ಲಿ ಒಂಟಿಕಟ್ಟೆಯ ಕಡಲಕೆರೆ ನಿಸರ್ಗಧಾಮದ ಕೋಟಿ-ಚೆನ್ನಯ ಜೋಡುಕರೆ, ಬೆಳ್ತಂಗಡಿ ತಾಲೂಕಿನಲ್ಲಿ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನಲ್ಲಿ ಕಕ್ಯಪದವಿನ ಸತ್ಯ-ಧರ್ಮ, ಹೊಕ್ಕಾಡಿಗೋಳಿಯ ವೀರ-ವಿಕ್ರಮ: ಒಂದೊಂದು ಜೋಡುಕರೆಗೂ ಒಂದೊಂದು ಅವಳಿ ಹೆಸರು. ಕರೆಯೆಂದರೆ ಕೆಸರಿನ ಓಟದ ಹಾದಿ; ಪಕ್ಕಪಕ್ಕದ ಎರಡು ಕರೆಗಳಲ್ಲಿ ಎರಡು ಜೋಡಿ ಕೋಣಗಳು ಏಕಕಾಲದಲ್ಲಿ ಓಟ ಆರಂಭವಾಗುವ ಗಂತಿನಿಂದ ಹೊರಟು ಅದು ಮುಗಿಯುವ ಮಂಜೊಟ್ಟಿಯತ್ತ ಧಾವಿಸುತ್ತವೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂಬ ಆರು ವಿಭಾಗಗಳಲ್ಲಿ ಕೊನೆಯದರ ಸೊಬಗೇ ಬೇರೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಓಡಿಸುವವನು ಮೆಟ್ಟಿ ನಿಂತ ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ತಾಕಿತೇ ಇಲ್ಲವೇ ಎಂಬುದೊಂದೇ ನಿರ್ಣಯ. ಶನಿವಾರ ಬೆಳಿಗ್ಗೆ ಕರೆಗಿಳಿದ ಕೋಣಗಳ ಸರದಿಯು ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಮುಂದುವರಿದು ಭಾನುವಾರದವರೆಗೂ ಸಾಗುವುದುಂಟು.

ಇಷ್ಟು ದೊಡ್ಡ ವ್ಯವಸ್ಥೆಗೆ ಹಣವನ್ನು ತೆರುವವರಾರು? ಕುದುರೆಯ ಜೂಜಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. 1891ರ ಮೈಸೂರು ರೇಸ್ ಕ್ಲಬ್ಬಾಗಲಿ 1921ರ ಬೆಂಗಳೂರು ಟರ್ಫ್ ಕ್ಲಬ್ಬಾಗಲಿ ನಿಂತಿರುವುದು ಪ್ರೇಕ್ಷಕನು ಕಟ್ಟುವ ಪಣದ ಮೇಲೆ. ಆ ಪಣದ ಒಂದು ಪಾಲು ಬಹುಮಾನವಾಗುತ್ತದೆ, ಬಹುಮಾನದ ಆಸೆಯಿಂದ ಒಡೆಯರು ಮರಿಗಳನ್ನು ಕೊಳ್ಳುತ್ತಾರೆ, ಆ ಬೇಡಿಕೆಯನ್ನು ನಂಬಿ ಕುಣಿಗಲಿನಂತಹ ಅಶ್ವಪಾಲನ ಕ್ಷೇತ್ರಗಳು ಬದುಕುತ್ತವೆ. ಕುದುರೆಯ ಓಟವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿದ್ದರಿಂದ ಆ ಸರಪಣಿಯು ಉಳಿಯಿತು. 2023ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡ 28ರ ಜಿಎಸ್‌ಟಿ ಬಿದ್ದಾಗ ಅದರ ಕೊಂಡಿಗಳೆಲ್ಲವೂ ಒಟ್ಟಿಗೆ ನಡುಗಿದುವು. ಕಂಬಳಕ್ಕೆ ಇಂತಹ ಸರಪಣಿಯೇ ಇಲ್ಲ. ಇಲ್ಲಿ ಪಣದ ಆದಾಯದಿಂದ ಬಹುಮಾನ ಹುಟ್ಟುವುದಿಲ್ಲ. ಊರಿನ ಸಮಿತಿಯು ದಾನಿಗಳಿಂದ ಕೂಡಿಸಿದ ದ್ರವ್ಯದಿಂದ ಕರೆ ಸಜ್ಜಾಗುತ್ತದೆ, ಕೋಣಗಳ ವೆಚ್ಚವನ್ನು ಯಜಮಾನನು ತನ್ನ ಮನೆಯಿಂದಲೇ ಭರಿಸುತ್ತಾನೆ.

ಆ ವೆಚ್ಚವು ಸಾಮಾನ್ಯವಾದುದಲ್ಲ. ಬೇಯಿಸಿದ ಹುರುಳಿ, ಮೈಗೆ ಎಣ್ಣೆಯ ನೀವಿಕೆ, ಈಜಾಡಲು ಕೆರೆ, ಹಟ್ಟಿಯಲ್ಲಿ ಗಾಳಿಗೆ ಫ್ಯಾನು, ನೋಡಿಕೊಳ್ಳುವವರ ಸಂಬಳ, ಋತು ಆರಂಭವಾಗುವ ಮುನ್ನ ಅಭ್ಯಾಸದ ಕುದಿ, ಪ್ರತಿ ಕಂಬಳಕ್ಕೂ ಲಾರಿ, ಜೊತೆಗೆ ಹೊರಡುವ ಹತ್ತಾರು ಜನರ ಊಟೋಪಚಾರ, ಓಡಿಸುವವನ ಸಂಭಾವನೆ ಇವೆಲ್ಲವನ್ನೂ ಕೂಡಿದರೆ ಒಂದು ಜೋಡಿಯ ವರ್ಷದ ಖರ್ಚು ಲಕ್ಷಗಳಲ್ಲಿ ನಿಲ್ಲುತ್ತದೆ. ಪ್ರತಿಯಾಗಿ ದೊರಕುವುದೇನು? ಸಾಮಾನ್ಯವಾಗಿ ಪ್ರಥಮ ಸ್ಥಾನಕ್ಕೆ ಎರಡು ಪವನು, ಅಂದರೆ 16 ಗ್ರಾಂ ಚಿನ್ನ. ದ್ವಿತೀಯಕ್ಕೆ ಒಂದು ಪವನು. ನೂರೈವತ್ತು ಜೋಡಿ ಕೂಡುವ ಕಂಬಳದಲ್ಲಿ ಆರು ವಿಭಾಗಗಳಿಂದ ಚಿನ್ನದೊಡನೆ ಮನೆಗೆ ಮರಳುವವು ಸುಮಾರು 12 ಜೋಡಿಗಳು. ಉಳಿದವರು ಮುಂದಿನ ವಾರ ಮತ್ತೆ ಲಾರಿ ಹತ್ತುತ್ತಾರೆ. ಲಾಭನಷ್ಟದ ಶಾಸ್ತ್ರದಿಂದ ಇದನ್ನು ಅಳೆಯಹೊರಟವರು ಇದನ್ನು ಅವಿವೇಕವೆಂದಾರು. ನಾನು ಹಾಗೆ ಹೇಳಲಾರೆ. ಧ್ವನಿವರ್ಧಕದಲ್ಲಿ ಮನೆತನದ ಹೆಸರು ಕೂಗಲ್ಪಡುವಾಗ ಸಾವಿರಾರು ಜನರು ಕಿವಿಗೊಡುವುದು ಒಂದು ಸಂಪತ್ತೇ. ಆ ಸಂಪತ್ತಿಗಾಗಿ ದುಡಿಮೆಯ ಒಂದಂಶವನ್ನು ಮೀಸಲಿಡುವ ಮನೆಗಳು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳಲ್ಲಿ ಇಂದಿಗೂ ಇವೆ.

ಆದರೆ ಹಿಂದೆ ಈ ವೆಚ್ಚಕ್ಕೆ ಒಂದು ಆಧಾರವಿತ್ತು. ಓಡುವ ಕೋಣವು ಉಳುವ ಕೋಣವೂ ಆಗಿತ್ತು. ಬಾಕಿಮಾರು ಎಂಬ ದೊಡ್ಡ ಗದ್ದೆಯಲ್ಲಿ ನಡೆಯುತ್ತಿದ್ದ ಪೂಕರೆ ಕಂಬಳವು ನಾಟಿಗೆ ಮುಂಚಿನ ಉಳುಮೆಯ ಅಂಗವೇ ಆಗಿ, ಗುತ್ತಿನ ಮನೆಗಳ ಹಾಗೂ ದೈವಾರಾಧನೆಯ ಕಟ್ಟಳೆಗಳಿಗೆ ಒಳಪಟ್ಟಿತ್ತು. 1974ರ ಭೂಸುಧಾರಣೆಯಿಂದ ಭೂಮಿಯು ಗೇಣಿದಾರರ ಕೈಸೇರಿದುದು ನ್ಯಾಯವಾದುದೇ. ಅದರ ಫಲವಾಗಿ ದೊಡ್ಡ ಗದ್ದೆಗಳ ಒಡೆತನ ಹಂಚಿಹೋಗಿ ಕೆಲವು ಸಾಂಪ್ರದಾಯಿಕ ಕಂಬಳಗಳು ಕ್ಷೀಣಿಸಿದುವು. ಬಳಿಕ ಗದ್ದೆಗಳು ಅಡಕೆಯ ತೋಟಗಳಾದುವು, ಉಳಿದ ಗದ್ದೆಗಳಿಗೆ ಟಿಲ್ಲರು ಇಳಿಯಿತು, ಹಟ್ಟಿಗಳಲ್ಲಿ ಎಮ್ಮೆಯ ಸ್ಥಾನಕ್ಕೆ ಜೆರ್ಸಿ ಮತ್ತು ಎಚ್‌.ಎಫ್‌. ತಳಿಯ ಹಸುಗಳು ಬಂದುವು. ಹೀಗೆ ಕೋಣಕ್ಕೆ ಓಟವೊಂದನ್ನುಳಿದು ಬೇರೆ ಕೆಲಸವೇ ಇಲ್ಲವಾಯಿತು.

ಕಂಬಳದ ಭವಿಷ್ಯವನ್ನು ಕುರಿತು ಚರ್ಚಿಸುವವರೆಲ್ಲರೂ ನ್ಯಾಯಾಲಯದ ಮಾತನ್ನೇ ಆಡುತ್ತಾರೆ. ಅದಕ್ಕೆ ಕಾರಣವೂ ಉಂಟು: ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ತೀರ್ಪಿನ ನೆರಳು ಕಂಬಳದ ಮೇಲೆ ಬಿದ್ದು, 2016ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದಿತು, 2017ರಲ್ಲಿ ರಾಜ್ಯದ ಶಾಸನಸಭೆಯು ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರಕಿತು, 2023ರ ಮೇ 18ರಂದು ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ನಿರ್ಮಾಣವಾಗಿ, ಕೋಣಗಳು ಲಾರಿಗಳಲ್ಲಿ ಘಟ್ಟವನ್ನೇರಿ ರಾಜಧಾನಿಯಲ್ಲಿ ಓಡಿದುವು. ಪ್ರಾಣಿಗೆ ಅನವಶ್ಯಕ ನೋವಾಗಬಾರದೆಂಬ ಷರತ್ತನ್ನು ಕಂಬಳದವರು ಹೊರೆಯೆಂದು ಬಗೆಯಬಾರದು; ಬೆತ್ತದ ಬಳಕೆಗೆ ಮಿತಿಯಿದ್ದಷ್ಟೂ ಸಾಕಣೆಯ ಗುಣ ಮುಂದೆ ಬರುತ್ತದೆ. ಆದರೆ ಕಾಯಿದೆಯು ಓಟಕ್ಕೆ ಅನುಮತಿಯನ್ನು ಕೊಡಬಲ್ಲುದಲ್ಲದೆ ಓಡುವ ಕೋಣವನ್ನು ಹುಟ್ಟಿಸಲಾರದು.

ನನ್ನ ಮುಖ್ಯವಾದ ಕಳವಳವು ಇಲ್ಲಿರುವುದು. ಜಗತ್ತಿನ ಥರೋಬ್ರೆಡ್ ಕುದುರೆಗಳೆಲ್ಲವೂ ಇಂಗ್ಲೆಂಡಿಗೆ ತರಲ್ಪಟ್ಟ ಮೂರು ಗಂಡು ಕುದುರೆಗಳ ವಂಶದವೆಂದು ಸ್ಟಡ್ ಬುಕ್ಕಿನ ಪುಟಗಳಿಂದ ತೋರಿಸಬಹುದು. ಕಂಬಳದ ಕೋಣಕ್ಕೆ ಅಂತಹ ಲಿಖಿತ ವಂಶಾವಳಿಯಿಲ್ಲ. ಅದರ ಕುಲವು ಅನುಭವಿಯ ಕಣ್ಣಿನಲ್ಲಿ ಮಾತ್ರವಿದೆ: ಎಳೆಯ ಕರುವಿನ ಕಾಲಿನ ನೀಳತೆ, ಎದೆಯ ಅಗಲ, ಬೆನ್ನಿನ ಇಳಿಜಾರು, ನಡಿಗೆ ಇವನ್ನು ನೋಡಿ ಆರಿಸಿ, ಹಲ್ಲು ಬರುವವರೆಗೆ ಕಾದು, ಸರಿಯಾದ ಜೊತೆಯನ್ನು ಹುಡುಕಿ ನೊಗಕ್ಕೆ ಕಟ್ಟುವುದು. ಒಂದು ಕಾಲದಲ್ಲಿ ಕರಾವಳಿಯ ರೈತರು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದ ಜಾತ್ರೆಯಲ್ಲಿ ಘಟ್ಟದ ಮೇಲಿನ ಜಾನುವಾರುಗಳನ್ನು ಕೊಳ್ಳುತ್ತಿದ್ದರು. ಎಮ್ಮೆ ಸಾಕುವ ಮನೆಗಳು ಘಟ್ಟದ ಕೆಳಗೂ ಮೇಲೂ ವಿರಳವಾಗುತ್ತ ಹೋದಂತೆ ಒಳ್ಳೆಯ ಕರುವಿನ ಬೆಲೆಯು ಏರುತ್ತ, ಸಾಧಾರಣ ರೈತನು ಕರೆಯಿಂದ ಹೊರಗುಳಿಯುತ್ತ, ಕಡೆಗೆ ಕಂಬಳವು ಉದ್ಯಮಿಗಳ ಹವ್ಯಾಸವಾಗಿ ಉಳಿಯುವ ಭಯವಿದೆ. ಸಮಿತಿಗಳು ಬಹುಮಾನದ ಚಿನ್ನಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನು: ಗೆದ್ದ ಕೋಣಗಳ ಹುಟ್ಟು, ತಾಯಿ, ಊರು ಇವುಗಳ ದಾಖಲೆಯೊಂದನ್ನು ಆರಂಭಿಸುವುದು, ಎಮ್ಮೆ ಸಾಕುವ ರೈತನಿಗೆ ಹಾಲಿನ ಬೆಲೆಯ ಮೇಲೆ ಕರುವಿಗೂ ಪ್ರೋತ್ಸಾಹಧನ ದೊರಕುವಂತೆ ಮಾಡುವುದು.

ಕೋಣದಷ್ಟೇ ಓಡಿಸುವವನೂ ದುರ್ಲಭನಾಗುತ್ತಿದ್ದಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವೆಲ್ಲ ಬೆರಗಾಯಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. ಕೋಣಗಳ ಸೆಳೆತದೊಡನೆ ಕೆಸರಿನಲ್ಲಿ ಸಾಧಿಸಿದ ಈ ವೇಗವನ್ನು ಒಲಿಂಪಿಕ್ಸಿನ ಓಟಕ್ಕೆ ಹೋಲಿಸಿದುದು ಎರಡಕ್ಕೂ ಮಾಡಿದ ಅನ್ಯಾಯ. ಗೌಡರು ಕ್ರೀಡಾ ಪ್ರಾಧಿಕಾರವು ಕರೆದ ಓಟದ ಪರೀಕ್ಷೆಯನ್ನು ನಿರಾಕರಿಸಿದುದು ಸಮಂಜಸವಾಗಿಯೇ ಇತ್ತು. ಆದರೆ ಆ ಗದ್ದಲದಲ್ಲಿ ಮರೆತುಹೋದ ಸಂಗತಿಯೆಂದರೆ ಅವರು ಕಟ್ಟಡದ ಕೂಲಿಯಿಂದ ಜೀವಿಸುತ್ತಿದ್ದರೆಂಬುದು. ಓಡಿಸುವವನಿಗೆ ಕರೆಯಲ್ಲಿ ಬಿದ್ದು ಮೂಳೆ ಮುರಿದರೆ ಆ ಋತುವಿನ ಗಳಿಕೆಯೂ ಮುರಿಯುತ್ತದೆ, ಮಳೆಗಾಲದ ಕೂಲಿಯೂ ತಪ್ಪುತ್ತದೆ.

2011ರಲ್ಲಿ ಗುಣಪಾಲ ಕಡಂಬರ ಮುಂದಾಳ್ತನದಲ್ಲಿ ಹುಟ್ಟಿದ ಕಂಬಳ ಅಕಾಡೆಮಿಯು ತರುಣರನ್ನು ಆರಿಸಿ, ವ್ಯಾಯಾಮ, ಕೋಣದ ಪರಿಚರ್ಯೆ, ಕರೆಯ ಶಿಸ್ತು ಇವುಗಳಲ್ಲಿ ಪಳಗಿಸಿ ಕಳುಹಿಸುವ ಕಾರ್ಯವನ್ನು ಕೈಗೊಂಡಿತು. ಇಂತಹ ತರಬೇತಿಯಿಂದ ಹೊರಬಂದ ಹುಡುಗನಿಗೆ ಯಜಮಾನನ ಔದಾರ್ಯವನ್ನು ಅವಲಂಬಿಸದ, ಲಿಖಿತವಾಗಿ ನಿಶ್ಚಿತವಾದ ಸಂಭಾವನೆಯೂ, ಗೆದ್ದ ಪವನಿನಲ್ಲಿ ಹಕ್ಕಿನ ಪಾಲೂ, ಗಾಯಕ್ಕೆ ವಿಮೆಯೂ ದೊರಕಬೇಕು. ಇದಕ್ಕೆ ಹೊಸ ಶಾಸನವೇನೂ ಬೇಡ. ಕೋಣಗಳ ಹೆಸರನ್ನು ನೋಂದಾಯಿಸುವ ಮೇಜಿನಲ್ಲಿಯೇ ಓಡಿಸುವವನ ಹೆಸರಿನ ಮುಂದೆ ಈ ಮೂರು ಕಲಮುಗಳನ್ನು ಬರೆಯಿಸುವ ನಿಯಮವನ್ನು ಸಮಿತಿಗಳು ಮುಂದಿನ ಋತುವಿನಿಂದಲೇ ಜಾರಿಗೆ ತರಬಹುದು.