ಆಣೆಯಿಂದ ಆಗದ್ದು, ಸಂಗದಿಂದ ಆಯಿತು

ಕೆಲವು ಸಂಗತಿಗಳನ್ನು ನಮ್ಮ ಮನೆತನಗಳು ಬಾಗಿಲು ಮುಚ್ಚಿಕೊಂಡೇ ಆಡುತ್ತವೆ. ಕುಡಿತವು ಅಂಥದೊಂದು ಸಂಗತಿ. ನಿತ್ಯ ವಿಭೂತಿ ಧರಿಸಿ ಲಿಂಗಪೂಜೆ ನೆರವೇರಿಸುವ ಮನೆಗೂ ಅದು ಬರುತ್ತದೆ. ನಮ್ಮ ಮನೆಗೂ ಬಂದಿತ್ತು. ಇದನ್ನು ಬರೆಯಲು ನನ್ನ ಅಣ್ಣನ ಮಗನೇ ಒಪ್ಪಿಗೆ ಕೊಟ್ಟಿದ್ದಾನೆ. ಅವನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಅವನು ಕಮಲಾಪುರದವನು, ಆ ಊರಿಗೆ ಹೆಸರು ತಂದ ಕೆಂಪು ಬಾಳೆಯ ತೋಟವುಳ್ಳವನು. ಗೆಳೆಯರ ಜೊತೆ ಹತ್ತಿದ ಕುಡಿತವು ಹತ್ತು ವರ್ಷಗಳಲ್ಲಿ ಮುಂಜಾನೆಯೇ ಬೇಕೆನ್ನುವಷ್ಟು ಬೆಳೆಯಿತು. 2018ರ ಶ್ರಾವಣದಲ್ಲಿ ಅವನ ಹೆಂಡತಿ ಮಕ್ಕಳ ಕೈಹಿಡಿದು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದಳು. ಮಠದಲ್ಲಿ ಓದಿ ಬೆಳೆದ ನನಗೆ ಉಪದೇಶದಲ್ಲಿ ನಂಬಿಕೆ ಹೆಚ್ಚು. ಅವನನ್ನು ಕರೆಸಿ, ಇಷ್ಟಲಿಂಗದ ಮೇಲೆ ಕೈಯಿಡಿಸಿ, ಜೀವಮಾನವಿಡೀ ಮುಟ್ಟೆನೆಂದು ಆಣೆ ಮಾಡಿಸಿದೆನು. ಮೂರನೆಯ ದಿನ ಅವನ ಕೈಕಾಲು ನಡುಗಿದವು. ನಿದ್ರೆಯಿಲ್ಲದೆ ಬೆವರಿ ಬಡಬಡಿಸಿದನು. ತಾಳಲಾರದೆ ಮತ್ತೆ ಕುಡಿದನು. ನಾನು ಅದನ್ನು ಚಪಲವೆಂದೇ ತಿಳಿದು ಮಾತು ಬಿಟ್ಟೆನು.

ಒಂದು ವರ್ಷ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದಾಗ ನಾನೇ ಹೋದೆನು. "ಕಾಕಾ, ಆಣಿ ಮುರದ ಮ್ಯಾಲ ನಿಮಗ ಮಾರಿ ಹ್ಯಾಂಗ ತೋರ್ಸಲಿ?" ಎಂದನು. ನಾನು ಕಟ್ಟಿದ ಆಣೆಯೇ ನಮ್ಮಿಬ್ಬರ ನಡುವೆ ಗೋಡೆಯಾಗಿತ್ತು.

ಅಲ್ಲಿಯ ವೈದ್ಯರು ತಿಳಿಸಿದ ಮಾತು ಪ್ರತಿಯೊಂದು ಕುಟುಂಬಕ್ಕೂ ಗೊತ್ತಿರಬೇಕು. ಬಹುಕಾಲ ವಿಪರೀತ ಕುಡಿದ ಶರೀರವು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಅಂಥವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸು, ಎರಡು ಮೂರು ದಿನಗಳಲ್ಲಿ ಸನ್ನಿ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಮೊದಲು ವೈದ್ಯರ ಆರೈಕೆ ಬೇಕು. ಔಷಧವು ಶರೀರವನ್ನು ಶಾಂತಗೊಳಿಸುತ್ತದೆ. ಮನೆಗೆ ಮರಳಿದ ಮೇಲೆ ಬರುವ ಸಂಜೆಗಳನ್ನು ಕಳೆಯಲು ಸಂಗ ಬೇಕು. ಆ ಸಂಗದ ವಿಳಾಸವನ್ನೂ ವೈದ್ಯರೇ ಕೊಟ್ಟರು.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಕುಡಿತದಿಂದ ಕೆಟ್ಟ ಇಬ್ಬರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಶಸ್ತ್ರವೈದ್ಯ, ತಮ್ಮ ಕಥೆಗಳನ್ನು ಪರಸ್ಪರ ಹೇಳಿಕೊಂಡು ಕುಡಿಯದೆ ಉಳಿದರು. ಬಳಗವು ಹುಟ್ಟಿದ್ದು ಹಾಗೆ. ಭಾರತಕ್ಕೆ ಬಂದದ್ದು 1957ರಲ್ಲಿ. ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಹೆಸರು ಹೊರಗೆ ಹೋಗಬಾರದೆಂಬುದು ಅದರ ಕಟ್ಟುನಿಟ್ಟು.

ಮೊದಲ ದಿನ ಅವನು ಬಾಗಿಲಲ್ಲೇ ನಿಂತನು. ಗುರುತಿನವರು ಕಂಡಾರೆಂಬ ಅಂಜಿಕೆ. ಕುಟುಂಬದವರಿಗೂ ಪ್ರವೇಶವಿದ್ದ ಸಭೆಯಾದುದರಿಂದ ನಾನೂ ಒಳಗೆ ಕುಳಿತೆನು. ಅಲ್ಲಿ ಉಪದೇಶಕರಿರಲಿಲ್ಲ. ಒಬ್ಬೊಬ್ಬರು ಎದ್ದು ತಮ್ಮದನ್ನು ಹೇಳಿದರು. ಉಳಿದವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿದ್ದನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಜೀವಮಾನದ ಆಣೆಯನ್ನು ಯಾರೂ ಕೇಳಲಿಲ್ಲ, ಇಂದಿನ ಒಂದು ದಿನ ಕುಡಿಯದಿದ್ದರೆ ಸಾಕೆಂದರು ಎಂಬುದನ್ನು ಮಾತ್ರ ಹೇಳಬಲ್ಲೆ. ಖರ್ಚಿಗೆಂದು ಥೈಲಿ ಬಂದಾಗ ನಾನು 500 ರೂಪಾಯಿ ಹಾಕಹೋದೆನು. "ಗುರುಗಳೇ, ಹೊರಗಿನವರ ಹಣ ನಾವು ತೊಗೊಳ್ಳಂಗಿಲ್ಲ" ಎಂದು ವಿನಯದಿಂದ ಕೈ ತಡೆದರು.

ಆಗ ನನಗೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜೋಳಿಗೆ ನೆನಪಾಯಿತು. 1975ರಿಂದ ಅವರು ಊರೂರು ತಿರುಗಿ, ಹಣ ಬೇಡದೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಶಿವಯೋಗಿಗಳು ಕುಡುಕನ ಮನೆಬಾಗಿಲಿಗೆ ತಾವೇ ನಡೆದು ಹೋದರು. ನಾನಾದರೋ ಬಾಗಿಲು ಮುಚ್ಚಿದ್ದೆ. ಚಟವನ್ನು ಜೋಳಿಗೆಗೆ ಹಾಕಿದವನಿಗೆ ಮರುದಿನದಿಂದ ಜೊತೆ ಬೇಕು. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುವುದೂ ಇದಕ್ಕಾಗಿಯೇ. ಅನುಭವ ಮಂಟಪದಲ್ಲಿ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತೆಂದು ನಾನೇ ಎಷ್ಟೋ ಸಲ ಪ್ರವಚನ ಮಾಡಿದ್ದೆನು. ಅನುಭವದ ಮಾತಿಗೆ ಇರುವ ಬಲವನ್ನು ಕಂಡದ್ದು ಆ ಚಿಕ್ಕ ಕೊಠಡಿಯಲ್ಲಿ.

ದಾರಿ ನೆಟ್ಟಗೇ ಇರಲಿಲ್ಲ. 2020ರಲ್ಲಿ ಲಾಕ್‌ಡೌನಿನಿಂದ ಸಭೆಗಳು ನಿಂತವು; ಮೇ ತಿಂಗಳಲ್ಲಿ ಮದ್ಯದಂಗಡಿಗಳು ತೆರೆದಾಗ ಅವನು ಜಾರಿದನು. ಈ ಸಲ ಅಡಗಿಕೊಳ್ಳಲಿಲ್ಲ. ಬಳಗದ ಹಿರಿಯರೊಬ್ಬರಿಗೆ ಅಂದೇ ಫೋನು ಮಾಡಿದನು. ಅವರು ಬೈಯದೆ, "ಇವತ್ತಿನಿಂದ ಮತ್ತ ಎಣಿಸೂಣು" ಎಂದರಂತೆ. ಆ ಎಣಿಕೆ ಇಂದಿಗೂ ನಡೆದಿದೆ. ಸಭೆಯಿದ್ದ ದಿನ ಕಮಲಾಪುರದಿಂದ ಬಸ್ಸು ಹಿಡಿದು ಬರುತ್ತಾನೆ. ನಮ್ಮಲ್ಲಿ ಊಟ ಮಾಡಿಕೊಂಡು ಹೋಗುತ್ತಾನೆ.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಇಂಥ ನೋವಿದ್ದರೆ ಮಾನಕ್ಕಂಜಿ ಮುಚ್ಚಿಡಬೇಡಿರಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿರಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416. ಕುಡಿಯುವವನು ಬರಲೊಪ್ಪದಿದ್ದರೂ ನೀವು ಹೋಗಿ ಕೇಳಬಹುದು. ಕುಟುಂಬದವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಬಳಗವೂ ಇದೆ. ಆಣೆ ಮಾಡಿಸುವ ಮೊದಲು ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೊದಲ ಸಭೆಯ ದಿನ ಬಾಗಿಲವರೆಗಾದರೂ ಜೊತೆಯಲ್ಲಿ ನಡೆಯಿರಿ. ನಾನು ಆ ನಡಿಗೆಯನ್ನು ಒಂದು ವರ್ಷ ತಡವಾಗಿ ನಡೆದೆನು.